ಸೋದರಸಂಬಂಧವೂ ಹಿಮ್ಮಡಿಯ ಒಂದು ಹನಿ ರಕ್ತವೂ

ನಮ್ಮ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹಸ್ವಾಮಿ ದೇವಸ್ಥಾನವನ್ನು ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು 1246ರಲ್ಲಿ. ಸೋದರಸಂಬಂಧದ ಮದುವೆ ಅದಕ್ಕಿಂತಲೂ ಹಳೆಯದು. ಅಕ್ಕನ ಮಗಳನ್ನು ಸೋದರಮಾವ ತಂದುಕೊಳ್ಳುವುದು, ಇಲ್ಲವೇ ಅತ್ತೆಯ ಮಗನಿಗೆ ಕೊಡುವುದು. ಹೊಲ ಒಡೆಯಬಾರದು, ಹೆಣ್ಣುಮಗಳು ಕಣ್ಣಳತೆಯಲ್ಲೇ ಇರಬೇಕು ಎಂಬುದು ಹಿರಿಯರ ಲೆಕ್ಕಾಚಾರ. ನನ್ನ ಅಜ್ಜಿ, ಅಮ್ಮ ಇಬ್ಬರೂ ಸೋದರಮಾವಂದಿರನ್ನೇ ಮದುವೆಯಾದವರು. ಇಂಥ ಮನೆಗಳಲ್ಲಿ ಹುಟ್ಟಿದ ಬಹುಪಾಲು ಮಕ್ಕಳು ಗಟ್ಟಿಮುಟ್ಟಾಗಿಯೇ ಬೆಳೆದರು. ಎಲ್ಲೋ ಒಂದು ಮಗು ಮಾತ್ರ ಹೊತ್ತಿಗೆ ಸರಿಯಾಗಿ ಕತ್ತು ನಿಲ್ಲಿಸುತ್ತಿರಲಿಲ್ಲ, ಮಾತು ಕಲಿಯುತ್ತಿರಲಿಲ್ಲ. ಗ್ರಹಚಾರ ಎಂದು ಹರಕೆ ಹೊರುತ್ತಿದ್ದರು. ಬೈಗುಳವೆಲ್ಲ ತಾಯಿಯ ಪಾಲಿಗೆ.

ಅಂಥ ಮಕ್ಕಳಲ್ಲಿ ಕೆಲವರಿಗೆ ಒಂದು ಕಿಣ್ವದ ಕೊರತೆ ಇದ್ದಿರಬಹುದು ಎಂದು ನನಗೆ ಹೊಳೆದದ್ದು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಟೆಕ್ನಿಷಿಯನ್ ಆಗಿ ಸೇರಿದ ಮೇಲೆ. ತಿಂದ ಅನ್ನ, ಬೇಳೆ, ಹಾಲನ್ನು ದೇಹ ಹಂತಹಂತವಾಗಿ ಬಳಸಿಕೊಳ್ಳುತ್ತದೆ, ಹಂತಕ್ಕೊಂದು ಕಿಣ್ವ. ಒಂದು ಕೆಟ್ಟರೂ ಅದರ ಹಿಂದಿನ ಹಂತದ ವಸ್ತು ರಕ್ತದಲ್ಲಿ ಕೂಡುತ್ತಾ ಹೋಗಿ ಮಿದುಳನ್ನು ಹಾಳುಮಾಡಬಲ್ಲದು. ಕೆಟ್ಟ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದಾಗ ಇಂಥ ಬಹುಪಾಲು ಕಾಯಿಲೆಗಳು ಕಾಣುತ್ತವೆ. ಇಬ್ಬರೂ ಒಂದೇ ಬಳ್ಳಿಯವರಾದರೆ ಆ ಸಂಭವ ಹೆಚ್ಚು.

ಇಂಥ ಕಾಯಿಲೆಗಳನ್ನು ಪತ್ತೆಹಚ್ಚುವ ಕೆಲಸಕ್ಕೂ ಒಂದು ಚರಿತ್ರೆಯಿದೆ. 1934ರಲ್ಲಿ ನಾರ್ವೆಯ ವೈದ್ಯ ಫಾಲಿಂಗ್, ಬುದ್ಧಿ ಬೆಳೆಯದ ಇಬ್ಬರು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ಫಿನೈಲ್‌ಕೀಟೊನ್ಯೂರಿಯಾ ಎಂಬ ಕಾಯಿಲೆ ಬೆಳಕಿಗೆ ಬಂದದ್ದು ಹಾಗೆ. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗತ್ರಿ, ಅದೇ ಕಾಯಿಲೆಯ ಪತ್ತೆಗೆ ಹಸುಗೂಸಿನ ಹಿಮ್ಮಡಿ ಚುಚ್ಚಿ, ರಕ್ತದ ಹನಿಯನ್ನು ದಪ್ಪ ಶೋಧಕ ಕಾಗದಕ್ಕೆ ಇಳಿಸಿ ಒಣಗಿಸುವ ಕ್ರಮವನ್ನು ರೂಢಿಗೆ ತಂದರು. ಒಣಗಿದ ಹನಿ ಕಂದುಬಣ್ಣಕ್ಕೆ ತಿರುಗಿದ ಒಂದು ಚುಕ್ಕೆ, ಅಷ್ಟೇ. ಅಂಚೆಯಲ್ಲಿ ಎಷ್ಟು ದೂರಕ್ಕಾದರೂ ಕಳಿಸಬಹುದು.

1980ರ ದಶಕದಲ್ಲಿ ಈ ಕೆಲಸ ಕರ್ನಾಟಕಕ್ಕೂ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ರಾಜ್ಯದ ನವಜಾತ ಶಿಶುಗಳ ರಕ್ತದಲ್ಲಿ ಅಮೈನೊ ಆಮ್ಲದ ದೋಷಗಳನ್ನು ಹುಡುಕಿದರು. ಅವರ ವರದಿ 1988ರಲ್ಲಿ ಪ್ರಕಟವಾಯಿತು. ಆ ಕಾಲದ ಅಧ್ಯಯನಗಳಲ್ಲಿ ಸುಮಾರು ಮೂರನೇ ಒಂದರಷ್ಟು ಮಕ್ಕಳ ತಂದೆತಾಯಿ ರಕ್ತಸಂಬಂಧಿಗಳೇ ಆಗಿದ್ದರು. ನಮ್ಮ ಪದ್ಧತಿಯನ್ನು ಬೈಯದೆ, ಮುಚ್ಚಿಡದೆ ಲೆಕ್ಕ ಇಟ್ಟ ಆ ವಿಜ್ಞಾನಿಗಳ ಬಗ್ಗೆ ನನಗೆ ಅಪಾರ ಗೌರವ.

ಕಿಣ್ವದ ಕಾಯಿಲೆ ಎಂದು ತಿಳಿದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ದೇಹ ಆ ಕಿಣ್ವವನ್ನು ತಯಾರಿಸುತ್ತಲೇ ಇಲ್ಲವೋ, ತಯಾರಿಸಿದ್ದು ಕೆಲಸಕ್ಕೆ ಬಾರದ್ದೋ? ಇದಕ್ಕೆ ನೆರವಾದದ್ದು ಮಾನೊಕ್ಲೋನಲ್ ಪ್ರತಿಕಾಯ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಇದರ ದಾರಿ ತೋರಿಸಿದರು. 1984ರಲ್ಲಿ ನೊಬೆಲ್ ಬಂತು. ಕಿಣ್ವವನ್ನು ಇಲಿಗೆ ಚುಚ್ಚಿ, ಪ್ರತಿಕಾಯ ತಯಾರಿಸುವ ಅದರ ಗುಲ್ಮದ ಕೋಶಗಳನ್ನು ಕ್ಯಾನ್ಸರ್ ಕೋಶಗಳ ಜೊತೆ ಬೆಸೆಯುತ್ತೇವೆ. ಈ ಕ್ಯಾನ್ಸರ್ ಕೋಶಗಳಲ್ಲಿ ಎಚ್‌ಜಿಪಿಆರ್‌ಟಿ ಎಂಬ ಕಿಣ್ವ ಇರುವುದಿಲ್ಲ. ಹಾಗಾಗಿ ವಿಶೇಷ ದ್ರಾವಣದಲ್ಲಿ ಬೆಸೆಯದೆ ಉಳಿದವು ಸಾಯುತ್ತವೆ, ಬೆಸೆದವು ಬದುಕುತ್ತವೆ. ಮಕ್ಕಳಲ್ಲಿ ಇದೇ ಕಿಣ್ವ ಇಲ್ಲದಿದ್ದರೆ ಲೆಶ್-ನೈಹಾನ್ ಎಂಬ ಘೋರ ಕಾಯಿಲೆ. 96 ಗುಳಿಗಳ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದೊಂದೇ ಗುಳಿಯಲ್ಲಿ ದುಂಡಗಿನ ಕೋಶಗಳ ಗುಂಪು ಎದ್ದಿದೆಯೇ ಎಂದು ನೋಡುವುದು ನಮ್ಮ ಕೆಲಸ. ಒಂದೇ ಕೋಶದ ಸಂತತಿ ಒಂದೇ ಬಗೆಯ ಪ್ರತಿಕಾಯ ಕೊಡುತ್ತದೆ. ಆ ಪ್ರತಿಕಾಯ ತನಗೆ ಹೊಂದುವ ಕಿಣ್ವವನ್ನೇ ಹುಡುಕಿ ಹಿಡಿಯುತ್ತದೆ. ಸಿಕ್ಕರೆ ದೇಹ ಕಿಣ್ವವನ್ನು ತಯಾರಿಸಿದೆ, ಅದು ಕೆಲಸಕ್ಕೆ ಬಾರದ್ದು; ಸಿಗದಿದ್ದರೆ ತಯಾರಿಸಿಯೇ ಇಲ್ಲದಿರಬಹುದು.

ಕಿಣ್ವದ ಕೊರತೆಯ ಕೆಲವು ಕಾಯಿಲೆಗಳಿಗೆ ಪಥ್ಯವಿದೆ, ಹೋಮೋಸಿಸ್ಟಿನ್ಯೂರಿಯಾ ಎಂಬ ಕಾಯಿಲೆಯ ಕೆಲವರಿಗೆ ಬಿ6 ಜೀವಸತ್ವದಿಂದಲೇ ಗುಣ ಕಾಣುತ್ತದೆ. ಆದರೆ ಮಿದುಳು ಕೆಡುವ ಮೊದಲೇ ಗೊತ್ತಾಗಬೇಕು. ನಿಮ್ಮ ಮನೆಯಲ್ಲಿ ಮಗು ಹುಟ್ಟಿದರೆ ಎರಡು ಮೂರು ದಿನದೊಳಗೆ ಹಿಮ್ಮಡಿ ರಕ್ತದ ಪರೀಕ್ಷೆ ಮಾಡಿಸಿಕೊಡಿ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಸೋದರಸಂಬಂಧದ ಮದುವೆಯಾಗಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ.