ಹಾವೇರಿ ಸೀಮೆಯಲ್ಲಿ ಮನೆಯ ಬಳಿಯ ಹೆಮ್ಮರ: ಅಪಾಯದ ಪರೀಕ್ಷೆಯನ್ನು ಕುರಿತು ಒಂದು ಐತಿಹಾಸಿಕ ವಿಚಾರ

೨೦೨೩ರ ಜುಲೈ ತಿಂಗಳಿನ ಮಳೆಗಾಳಿಗೆ ಸವಣೂರಿನ ದೊಡ್ಡಹುಣಸೆ ಕಲ್ಮಠದ ಮೂರು ಮಹಾವೃಕ್ಷಗಳಲ್ಲಿ ಒಂದು ಬುಡಸಹಿತವಾಗಿ ಉರುಳಿತು. ಮಠಕ್ಕೆ ಹೆಸರನ್ನು ಕೊಟ್ಟ ಮರಗಳಿವು. ಬಿದ್ದುದನ್ನು ಕಡಿದು ಸಾಗಿಸದೆ, ಕೊಂಬೆಗಳನ್ನು ಸವರಿ, ಕ್ರೇನುಗಳ ನೆರವಿನಿಂದ ಮತ್ತೆ ಎತ್ತಿ ನೆಟ್ಟುದು ಈ ಭಾಗದ ಜನರಿಗೆ ಆ ಮರದ ಮೇಲಿದ್ದ ಅಭಿಮಾನವನ್ನು ತೋರಿಸುತ್ತದೆ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಆ ಮರಗಳ ವಯಸ್ಸು, ಸುತ್ತಳತೆ, ಮಹಿಮೆಗಳ ವಿಷಯವಾಗಿ ಬರೆದುದು ಬಹಳ. ಅವುಗಳ ಬೇರಿನ ಸ್ಥಿತಿಯನ್ನು ಕುರಿತು, ಮರವು ಬೀಳುವ ಮೊದಲು ಬರೆದ ಬರಹ ನಮ್ಮ ಕಣ್ಣಿಗೆ ಬಿದ್ದುದು ಒಂದೂ ಇಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪಟ್ಟಣಗಳಲ್ಲಿ ಮನೆಯ ಮಗ್ಗುಲಿಗೆ ಆಲ, ಅರಳಿ, ಬೇವು, ಹುಣಸೆಗಳನ್ನು ಇಟ್ಟುಕೊಂಡು ಬಾಳುತ್ತಿರುವ ಕುಟುಂಬಗಳು ಅನೇಕವಾಗಿರುವುದರಿಂದ, ಹೆಮ್ಮರದ ಅಪಾಯವನ್ನು ಈ ಸೀಮೆಯವರು ಯಾವ ಯಾವ ಕಾಲದಲ್ಲಿ ಹೇಗೆ ಅಳೆದರು, ಯಾವುದನ್ನು ಅಳೆಯದೆ ಬಿಟ್ಟರು ಎಂಬುದನ್ನು ಇಲ್ಲಿ ವಿಚಾರಿಸಲು ಯತ್ನಿಸುತ್ತೇವೆ.

ಮೊದಲು ಸವಣೂರಿನ ಮರವನ್ನೇ ನೋಡೋಣ. ದೊಡ್ಡಹುಣಸೆ ಎಂದು ಕರೆದರೂ ಇದು ಹುಣಸೆಯ ಜಾತಿಗೆ ಸೇರಿದುದಲ್ಲ. ಆಫ್ರಿಕಾ ಖಂಡದ ಬಾವೊಬಾಬ್ ಮರವಿದು. ೧೭೪೯ರಲ್ಲಿ ಸೆನೆಗಲ್ ನಾಡಿಗೆ ಹೋಗಿದ್ದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಮಿಶೆಲ್ ಅಡಾನ್ಸನ್ನನ ಹೆಸರಿನಿಂದ ಇದರ ಕುಲಕ್ಕೆ ಅಡಾನ್ಸೋನಿಯ ಎಂದು ನಾಮಕರಣವಾಯಿತು. ಶ್ರೀಕೃಷ್ಣನೇ ಇದನ್ನು ತಂದನೆಂಬ ಐತಿಹ್ಯ ಸ್ಥಳದಲ್ಲಿ ಉಂಟು. ಭಾರತದ ಬಾವೊಬಾಬ್ ಮರಗಳ ಅನುವಂಶಿಕ ಲಕ್ಷಣಗಳನ್ನು ಆಫ್ರಿಕಾದ ಮರಗಳೊಡನೆ ಹೋಲಿಸಿ ೨೦೧೫ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಇವು ಒಮ್ಮೆಗೇ ಬಂದುವಲ್ಲ, ಹಿಂದೂ ಮಹಾಸಾಗರದ ವ್ಯಾಪಾರ ಮತ್ತು ಜನಸಂಚಾರಗಳೊಡನೆ ಬೇರೆ ಬೇರೆ ಕಾಲಗಳಲ್ಲಿ ಬಂದುವು ಎಂದು ತೋರಿಸಿಕೊಟ್ಟಿದೆ. ಸವಣೂರಿನ ಮರಗಳಿಗೆ ಎರಡು ಸಾವಿರಕ್ಕೂ ಮೀರಿದ ವಯಸ್ಸನ್ನು ಹೇಳುವುದು ವಾಡಿಕೆ. ಕಾಂಡದ ಗಾತ್ರವನ್ನು ಕಂಡು ಹೇಳಿದ ಮಾತಿದು. ಈ ಜಾತಿಯಲ್ಲಿ ಹಲವು ಕಾಂಡಗಳು ಕೂಡಿ ಒಂದಾಗಿ ಕಾಣುವುದರಿಂದ ಗಾತ್ರದಿಂದ ವಯಸ್ಸನ್ನು ನಿರ್ಣಯಿಸುವುದು ಸಾಧುವಲ್ಲ.

ವಯಸ್ಸು ಹೆಚ್ಚಾದುದು ಬಲಕ್ಕೆ ಸಾಕ್ಷಿಯಲ್ಲವೆಂಬುದೂ ಇದೇ ಮರದಿಂದ ತಿಳಿದುಬರುತ್ತದೆ. ಆಫ್ರಿಕಾದ ಅತ್ಯಂತ ಪ್ರಾಚೀನವಾದ ೧೩ ಬಾವೊಬಾಬ್ ಮರಗಳಲ್ಲಿ ೯ ಮರಗಳು ೨೦೦೫ರಿಂದ ಈಚೆಗೆ ಸತ್ತುವು ಅಥವಾ ಅವುಗಳ ಅತಿ ಹಳೆಯ ಕಾಂಡಗಳು ಕುಸಿದುವು ಎಂದು ಏಡ್ರಿಯನ್ ಪಟ್ರುಟ್ ಮತ್ತು ಸಂಗಡಿಗರು ೨೦೧೮ರಲ್ಲಿ ವರದಿ ಮಾಡಿದರು. ‘ನಮ್ಮ ಮುತ್ತಜ್ಜನ ಕಾಲದಿಂದ ನಿಂತಿದೆ, ಈಗೇನು ಬಿದ್ದೀತು’ ಎಂದು ಮನೆಯ ಹಿರಿಯರು ಹೇಳುವ ಸಮಾಧಾನವನ್ನು ನಾವೆಲ್ಲರೂ ಕೇಳಿದ್ದೇವೆ. ಅದು ಮರದ ಪೂರ್ವಚರಿತ್ರೆಯ ಮಾತೇ ಹೊರತು ಇಂದಿನ ದೇಹಸ್ಥಿತಿಯ ಮಾತಲ್ಲ.

ಪ್ರಾಚೀನರು ಈ ವಿಷಯದಲ್ಲಿ ಏನು ಹೇಳಿದ್ದಾರೆ? ವರಾಹಮಿಹಿರನ ಬೃಹತ್ಸಂಹಿತೆಯ ವಾಸ್ತುವಿದ್ಯಾ ಪ್ರಕರಣದಲ್ಲಿ ಮನೆಯ ಸಮೀಪದ ಮರಗಳ ವಿಚಾರ ಬಂದಿದೆ. ಬಸರಿ, ಆಲ, ಅತ್ತಿ, ಅರಳಿಗಳು ಇಂತಿಂತಹ ದಿಕ್ಕಿನಲ್ಲಿದ್ದರೆ ಶುಭ, ಇಂತಿಂತಹ ದಿಕ್ಕಿನಲ್ಲಿದ್ದರೆ ಅಶುಭ. ಮುಳ್ಳಿನ ಮರ ಮನೆಗೆ ತಾಗಿದ್ದರೆ ಶತ್ರುಭಯ, ಹಾಲು ಸುರಿಸುವ ಮರವಿದ್ದರೆ ಧನನಾಶ ಎಂದು ಅಲ್ಲಿ ಫಲವನ್ನು ಹೇಳಿದೆ. ಅಂತಹ ಮರಗಳನ್ನು ಕಡಿಯಲೊಲ್ಲದವನು ಮನೆಗೂ ಅವಕ್ಕೂ ನಡುವೆ ಪ್ರಶಸ್ತವಾದ ಬೇರೆ ಮರಗಳನ್ನು ನೆಡಲಿ ಎಂಬ ಪರಿಹಾರವೂ ಇದೆ. ಅದೇ ಗ್ರಂಥದ ವೃಕ್ಷಾಯುರ್ವೇದ ಪ್ರಕರಣವನ್ನು ತೆರೆದರೆ ಬೇರೊಂದು ಬಗೆಯ ದೃಷ್ಟಿ ಕಾಣಿಸುತ್ತದೆ. ಎಲೆ ಬಿಳಿಚಿಕೊಳ್ಳುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ರೋಗದ ಚಿಹ್ನೆಗಳೆಂದು ಅಲ್ಲಿ ಎಣಿಸಿದೆ. ಮರದಿಂದ ಮರಕ್ಕೆ ೨೦ ಮೊಳದ ಅಂತರ ಉತ್ತಮ, ೧೬ ಮಧ್ಯಮ, ೧೨ ಕನಿಷ್ಠ ಎಂದೂ, ಒತ್ತಾಗಿ ಬೆಳೆದು ಬೇರು ಬೆರೆತ ಮರಗಳು ಪೀಡಿತವಾಗುವುವೆಂದೂ ಹೇಳಿದೆ. ಇಂದಿನ ವೃಕ್ಷತಜ್ಞರು ಮೊದಲು ನೋಡುವ ಲಕ್ಷಣಗಳಲ್ಲಿ ಕೆಲವು ಇಲ್ಲಿಯೇ ಇವೆಯೆಂಬುದು ಸ್ಪಷ್ಟ. ಆದರೆ ಈ ತಿಳಿವು ತೋಟಗಾರನದು. ಮನೆ ಕಟ್ಟುವವನಿಗೆ ಮರದ ಜಾತಿ ಮತ್ತು ದಿಕ್ಕು. ತೋಟ ಮಾಡುವವನಿಗೆ ಮರದ ಆರೋಗ್ಯ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಕ್ರಿ.ಶ. ೧೦೨೫ರ ಸುಮಾರಿಗೆ, ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿಯೂ ವಾಸ್ತು ಮತ್ತು ವೃಕ್ಷಾಯುರ್ವೇದಗಳು ಬೇರೆ ಬೇರೆ ಪ್ರಕರಣಗಳಾಗಿವೆ. ಒಂದೇ ಹೊತ್ತಗೆಯ ಎರಡು ಪ್ರಕರಣಗಳು ಒಂದನ್ನೊಂದು ಮಾತನಾಡಿಸದೆ ಉಳಿದುವು ಎಂದರೆ ತಪ್ಪಾಗಲಾರದು.

ಧರ್ಮಶಾಸ್ತ್ರದ ಕಡೆಗೆ ತಿರುಗಿದರೆ ಮೂರನೆಯ ದೃಷ್ಟಿ ತೋರುತ್ತದೆ. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (೧೦೭೬–೧೧೨೬) ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯ ಸ್ಮೃತಿಯು, ಉಪಜೀವ್ಯವಾದ ಮರದ ಕೊಂಬೆಯನ್ನು ಕಡಿದವನಿಗೆ ೨೦ ಪಣ, ಕಾಂಡಕ್ಕೆ ೪೦, ಬುಡಸಹಿತ ಕಡಿದರೆ ೮೦ ಎಂದು ದಂಡವನ್ನು ಇಮ್ಮಡಿ ಇಮ್ಮಡಿಯಾಗಿ ಏರಿಸುತ್ತದೆ. ದೇವಾಲಯ, ಸ್ಮಶಾನ, ಗಡಿ, ಪುಣ್ಯಸ್ಥಳಗಳಲ್ಲಿ ಹುಟ್ಟಿದ ಮರಗಳಿಗೂ ಪ್ರಸಿದ್ಧವಾದ ಮರಗಳಿಗೂ ಈ ದಂಡ ಮತ್ತೆ ಇಮ್ಮಡಿ. ಶಾಸನಗಳ ಗಡಿವಿವರದಲ್ಲಿ ಮರಗಳು ಪದೇ ಪದೇ ಬರುವುದನ್ನು ಬಲ್ಲವರಿಗೆ ಗಡಿಮರದ ಮೇಲೆ ಇಷ್ಟು ಕಟ್ಟುನಿಟ್ಟು ಏಕೆಂಬುದು ತಾನೇ ತಿಳಿಯುತ್ತದೆ. ಗುತ್ತಲದ ಗುತ್ತ ಅರಸರು ವಟವೃಕ್ಷವನ್ನು ಧ್ವಜದಲ್ಲಿಯೇ ಧರಿಸಿದ್ದರು. ಆ ವಂಶದ ಇತಿಹಾಸಕ್ಕೆ ಮುಖ್ಯ ಆಧಾರವಾದ ಶಾಸನಗಳು ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರದಲ್ಲಿ ಇವೆ. ಇಲ್ಲಿ ಒಂದು ಮಾತು. ಕೊಂಬೆ, ಕಾಂಡ, ಬುಡ ಎಂಬ ಸ್ಮೃತಿಯ ಮೂರು ಮೆಟ್ಟಿಲುಗಳನ್ನು ದಂಡಕ್ಕಾಗಿ ಮಾಡಿದುದಾದರೂ, ಅಪಾಯದ ಪರಿಹಾರಕ್ಕೂ ಅದೇ ಕ್ರಮ ಸಲ್ಲುತ್ತದೆಂದು ನಮ್ಮ ಅಭಿಪ್ರಾಯ. ಒಣಗಿದ ಒಂದು ಕೊಂಬೆಗಾಗಿ ಇಡೀ ಮರವನ್ನು ಉರುಳಿಸುವ ಇಂದಿನ ಅವಸರಕ್ಕಿಂತ ಆ ಎಣಿಕೆ ಹೆಚ್ಚು ವಿವೇಕದ್ದು.

ಮುಂಬಯಿ ಆಡಳಿತಕ್ಕೆ ಈ ತಾಲೂಕುಗಳು ಸೇರಿದ ಮೇಲೆ ಮರದ ಪ್ರಶ್ನೆ ಒಡೆತನದ ಪ್ರಶ್ನೆಯಾಯಿತು. ೧೮೭೯ರ ಮುಂಬಯಿ ಭೂಕಂದಾಯ ಸಂಹಿತೆಯ ಪ್ರಕಾರ ಸರಕಾರವು ನೆಡಿಸಿ ಬೆಳೆಸಿದ ರಸ್ತೆಬದಿಯ ಮರಗಳು ಸರಕಾರದ ಸ್ವತ್ತು. ಅವು ಸತ್ತರೆ, ಗಾಳಿಗೆ ಬಿದ್ದರೆ, ಅಥವಾ ಕಲೆಕ್ಟರನ ಆಜ್ಞೆಯಿಂದ ಕಡಿಯಲ್ಪಟ್ಟರೆ ಮಾತ್ರ ಮರಮುಟ್ಟು ಆ ನೆಲದ ಹಿಡುವಳಿದಾರನದು. ನಿಂತಿರುವಾಗ ಅಪ್ಪಣೆಯಿಲ್ಲದೆ ಕೊಂಬೆ ಸವರುವಂತಿಲ್ಲ. ಈ ಏರ್ಪಾಡಿನಲ್ಲಿ ಒಂದು ವಿನೋದವಿದೆ: ನಿಂತ ಮರದಿಂದ ಹಿಡುವಳಿದಾರನಿಗೆ ದೊರೆಯುವುದಕ್ಕಿಂತ ಬಿದ್ದ ಮರದಿಂದ ದೊರೆಯುವುದು ಹೆಚ್ಚು. ಬೀಳುವ ಮೊದಲು ಅದನ್ನು ಪರೀಕ್ಷಿಸುವ ಕರ್ತವ್ಯ ಯಾರದು ಎಂಬುದು ಈ ಏರ್ಪಾಡಿನೊಳಗೆ ಹುಟ್ಟುವ ಪ್ರಶ್ನೆಯೇ ಅಲ್ಲ.

ರಸ್ತೆಬದಿಯ ಮರಕ್ಕೂ ಮನೆಯ ಬಳಿಯ ಮರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವನ್ನು ತಂದುದು ಪಟ್ಟಣಗಳ ಬೆಳವಣಿಗೆ. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ಹಾವೇರಿ, ರಾಣೆಬೆನ್ನೂರುಗಳು ಹತ್ತಿ ಮತ್ತು ಬಿತ್ತನೆ ಬೀಜಗಳ ವ್ಯಾಪಾರದಿಂದಲೂ, ಬ್ಯಾಡಗಿಯು ಮೆಣಸಿನಕಾಯಿಯ ಪೇಟೆಯಿಂದಲೂ ಹಬ್ಬುತ್ತ ಹೋದಂತೆ, ಒಂದು ಕಾಲಕ್ಕೆ ಹೊಲದಂಚಿನಲ್ಲಿ, ಗಾಡಿದಾರಿಯಲ್ಲಿ, ಊರ ಹೊರಗಿನ ಗುಡಿಯ ಮುಂದೆ ಇದ್ದ ಮರಗಳು ಬಡಾವಣೆಗಳ ನಡುವೆ ಸಿಕ್ಕಿಕೊಂಡುವು. ಮನೆಯ ಬಳಿಯಲ್ಲಿ ಮರವಿದೆ ಎನ್ನುವುದಕ್ಕಿಂತ ಮರದ ಬಳಿಗೆ ಮನೆ ಬಂದಿದೆ ಎನ್ನುವುದು ಎಷ್ಟೋ ಕಡೆ ಸರಿ. ಬಂದ ಮನೆ ಬರಿಗೈಯಲ್ಲಿ ಬರಲಿಲ್ಲ. ಅಡಿಪಾಯಕ್ಕೆಂದು ಒಂದು ಕಡೆ, ಗಟಾರಕ್ಕೆಂದು ಇನ್ನೊಂದು ಕಡೆ, ನೀರಿನ ನಳಕ್ಕೆಂದು ಮತ್ತೊಂದು ಕಡೆ ನೆಲವನ್ನು ಅಗೆದು, ಪ್ರತಿಸಲವೂ ಒಂದಿಷ್ಟು ಬೇರನ್ನು ಕತ್ತರಿಸಿತು. ರಸ್ತೆ ಅಗಲವಾದಾಗ ಒಂದು ಪಾರ್ಶ್ವದ ಬೇರು ಪೂರ್ತಿಯಾಗಿ ಹೋದ ಮರವು ಉಳಿದ ಪಾರ್ಶ್ವದ ಬೇರಿನ ಮೇಲೆ ನಿಂತಿರುತ್ತದೆ; ಮೇಲೆ ಎಲೆ ಹಸುರಾಗಿಯೇ ಇರಬಹುದು.

ಕಟ್ಟೆಯ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಅರಳಿ ಬೇವುಗಳ ಸುತ್ತ ಕಲ್ಲು ಮಣ್ಣುಗಳಿಂದ ಕಟ್ಟುತ್ತಿದ್ದ ಹಳೆಯ ಕಟ್ಟೆಯ ಸಂದುಗಳಲ್ಲಿ ನೀರೂ ಗಾಳಿಯೂ ಇಳಿಯುತ್ತಿದ್ದುವು. ಈಚಿನ ದಶಕಗಳಲ್ಲಿ ಭಕ್ತಿಯಿಂದಲೇ ಸಿಮೆಂಟು ಹಾಕಿ, ಹೊಳೆಯುವ ಬಿಲ್ಲೆಗಳನ್ನು ಹಾಸಿ ಬುಡವನ್ನು ಬಿಗಿಯುತ್ತಿದ್ದಾರೆ. ಇದರಿಂದ ಬೇರಿಗೆ ಉಸಿರು ಕಡಿಮೆಯಾಗುವುದು ಒಂದು. ಮರದಲ್ಲಿ ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕಾದ ಭಾಗ, ಎಂದರೆ ಕಾಂಡವು ಬೇರಾಗಿ ಹರಡುವ ಬುಡದ ಸಂಧಿ, ಕಣ್ಣಿಗೆ ಮರೆಯಾಗುವುದು ಮತ್ತೊಂದು. ಪೂಜೆಗೊಳ್ಳುವ ಮರವೇ ಪರೀಕ್ಷೆಗೆ ಸಿಕ್ಕದ ಮರವಾಯಿತು.

ಇಂದಿನ ಕಾನೂನು ಹಿಂದಿನದಕ್ಕಿಂತ ಒಂದು ಹೆಜ್ಜೆ ಮುಂದಿದೆಯೆಂಬುದನ್ನು ಒಪ್ಪಬೇಕು. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ಮರವನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕೆಂದು ವಿಧಿಸುತ್ತ, ಸತ್ತ, ರೋಗ ಹಿಡಿದ, ಗಾಳಿಗೆ ಬಿದ್ದ, ಪ್ರಾಣಕ್ಕಾಗಲಿ ಆಸ್ತಿಗಾಗಲಿ ಅಪಾಯಕರವಾದ ಮರದ ವಿಷಯದಲ್ಲಿ ಅನುಮತಿಯನ್ನು ನಿರಾಕರಿಸತಕ್ಕುದಲ್ಲವೆಂದು ಹೇಳುತ್ತದೆ. ಬಿದ್ದು ನೆರೆಯವರಿಗೆ ಗಾಯವಾಗುವ ಸಂಭವವಿರುವ ಮರವನ್ನು ತೆಗೆಯಿಸಲು, ಅಥವಾ ಅದಕ್ಕೆ ಆಧಾರ ಕೊಡಿಸಲು, ಮ್ಯಾಜಿಸ್ಟ್ರೇಟರಿಗೆ ೧೯೭೩ರ ದಂಡಪ್ರಕ್ರಿಯಾ ಸಂಹಿತೆಯ ೧೩೩ನೆಯ ಪ್ರಕರಣ ಅಧಿಕಾರ ಕೊಟ್ಟಿದ್ದಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಅಧಿಕಾರ ೧೫೨ನೆಯ ಪ್ರಕರಣವಾಗಿದೆ. ಆಧಾರ ಕೊಡುವುದು ಎಂಬ ಮಾತು ಅಲ್ಲಿರುವುದನ್ನು ಅರ್ಜಿ ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ. ಆದರೆ ‘ಅಪಾಯಕರ’ ಎಂಬುದನ್ನು ಯಾವ ಲಕ್ಷಣಗಳಿಂದ ನಿಶ್ಚಯಿಸಬೇಕು? ಪದ ಕಾನೂನಿನಲ್ಲಿದೆ, ಅದರ ಅರ್ಥವನ್ನು ಮರದ ಬುಡದಲ್ಲಿಯೇ ಹುಡುಕಬೇಕು.

ವೃಕ್ಷತಜ್ಞರ ವಿಧಾನದಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತಾರೆ. ಮರ ಅಥವಾ ಅದರ ಭಾಗ ಮುರಿಯುವ ಸಂಭವ ಎಷ್ಟು? ಮುರಿದರೆ ಅದರ ಕೆಳಗೆ ಏನಿದೆ? ಬಯಲಿನಲ್ಲಿರುವ ಟೊಳ್ಳುಮರದಿಂದ ಯಾರಿಗೂ ಕೇಡಿಲ್ಲ. ಮಕ್ಕಳು ಮಲಗುವ ಕೋಣೆಯ ಮೇಲೆ ಚಾಚಿದ ಒಣಕೊಂಬೆ ಸಣ್ಣದಾದರೂ ಕೇಡು ದೊಡ್ಡದು. ಬುಡದಲ್ಲಿ ಅಣಬೆ ಎದ್ದಿದ್ದರೆ, ಗೆದ್ದಲು ಕಾಂಡದ ಒಳಕ್ಕೆ ಹೋಗಿದ್ದರೆ, ಎರಡು ಕವಲುಗಳು ಕೂಡುವಲ್ಲಿ ಬಿರುಕು ಕಂಡರೆ ಎಚ್ಚರ ಬೇಕು. ಮರ ಮೊದಲಿನಿಂದ ವಾಲಿದ್ದರೆ ಅದು ಅಷ್ಟು ಭಯದ ವಿಷಯವಲ್ಲ. ಹೊಸದಾಗಿ ವಾಲಿದ್ದು, ವಾಲಿದ ದಿಕ್ಕಿಗೆ ವಿರುದ್ಧವಾದ ಬದಿಯಲ್ಲಿ ನೆಲ ಎದ್ದು ಬಿರಿದಿದ್ದರೆ ಒಂದು ದಿನವೂ ತಡೆಯಬಾರದು. ಟೊಳ್ಳು ಮಾತ್ರವೇ ಅಪಾಯವಲ್ಲ. ಸುತ್ತಲಿನ ಗಟ್ಟಿ ಮರದ ದಪ್ಪ ಸಾಕಷ್ಟಿದ್ದರೆ ಟೊಳ್ಳುಮರವೂ ಬಹುಕಾಲ ನಿಲ್ಲುತ್ತದೆ.

ಈ ಸೀಮೆಗೆ ವಿಶೇಷವಾದ ತೊಡಕು ಎರೆನೆಲದ್ದು. ಬೇಸಗೆಯಲ್ಲಿ ಎರೆ ಬಿರಿಯುವಾಗ ಬೇರು ಹರಿಯುವುದೂ, ಮಳೆಯಲ್ಲಿ ಅದೇ ಎರೆ ಉಬ್ಬಿ ಮೆತ್ತಗಾಗುವುದೂ ಉಂಟು. ಮರವು ನೀರನ್ನು ಹೀರಿದಂತೆ ಎರೆ ಇನ್ನಷ್ಟು ಕುಗ್ಗಿ, ಮರ ಬೀಳದೆಯೇ ಗೋಡೆ ಬಿರುಕು ಬಿಡುವುದುಂಟು. ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಇದನ್ನು ಗಮನಿಸಬೇಕು. ಭರಣಿ, ರೋಹಿಣಿ ಮಳೆಗಳ ಬಿರುಗಾಳಿ ಬೀಸುವಾಗ ನೆಲ ಇನ್ನೂ ಬಿರುಕಾಗಿರುತ್ತದೆ. ಜುಲೈ ಮಳೆಯಲ್ಲಿ ಮೆತ್ತಗಾಗಿರುತ್ತದೆ. ಆದುದರಿಂದ ಪರೀಕ್ಷೆಯನ್ನು ಯುಗಾದಿಯ ಹೊತ್ತಿಗೆ ಒಮ್ಮೆ, ಮುಂಗಾರು ಹಿಡಿದ ಮೇಲೆ ಇನ್ನೊಮ್ಮೆ ಮಾಡುವುದು ಲೇಸು.

ಇಷ್ಟನ್ನೂ ಕಣ್ಣಿನಿಂದ ನೋಡಬಹುದು. ನೋಡಲಾಗದುದು ಹಿಂದೆ ಕತ್ತರಿಸಿ ಮುಚ್ಚಿದ ಬೇರು. ಅದನ್ನು ಹೇಳಬಲ್ಲುದು ನೆಲದ ಚರಿತ್ರೆಯೊಂದೇ, ಮತ್ತು ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಮಾಡಲು ಕೆಲಸವಿದೆ. ಯಾವ ವರ್ಷ ಗಟಾರವನ್ನು ತೋಡಿದರು, ಮರದಿಂದ ಎಷ್ಟು ಮೊಳ ದೂರದಲ್ಲಿ. ರಸ್ತೆ ಯಾವಾಗ ಎಷ್ಟು ಎತ್ತರವಾಯಿತು. ಕಟ್ಟೆಗೆ ಸಿಮೆಂಟು ಬಿದ್ದುದು ಯಾವಾಗ. ದೊಡ್ಡ ಕೊಂಬೆ ಯಾವ ಮಳೆಗೆ ಮುರಿಯಿತು, ಆ ಗಾಯ ಮುಚ್ಚಿತೋ ಇಲ್ಲವೋ: ಇವು ನಗರಸಭೆ ಪುರಸಭೆಗಳ ಕಡತಗಳಲ್ಲಿಯೂ ಓಣಿಯ ಹಿರಿಯರ ನೆನಪಿನಲ್ಲಿಯೂ ಚೆದರಿಹೋಗಿವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಾಲೇಜುಗಳಲ್ಲಿ ಸ್ಥಳೀಯ ಇತಿಹಾಸವನ್ನು ಅಭ್ಯಾಸ ಮಾಡುವವರು ತಮ್ಮ ತಮ್ಮ ಓಣಿಯ ಹತ್ತು ಹೆಮ್ಮರಗಳಿಗೆ ಇಂತಹ ಒಂದೊಂದು ಪುಟದ ಚರಿತ್ರೆಯನ್ನು ಸಿದ್ಧಪಡಿಸಿ ವೃಕ್ಷಾಧಿಕಾರಿಯ ಕಚೇರಿಗೂ ಮನೆಯವರಿಗೂ ಒಂದೊಂದು ಪ್ರತಿಯನ್ನು ಕೊಡಬಹುದು. ಸವಣೂರಿನಲ್ಲಿ ಬೀಳದೆ ನಿಂತ ಎರಡು ಮರಗಳಿಂದ ಈ ಕೆಲಸವನ್ನು ಆರಂಭಿಸುವುದು ಉಚಿತವಾಗಿ ತೋರುತ್ತದೆ.