ಹಗೇವಿನ ಜೋಳವೂ ದೂರದ ಯುದ್ಧವೂ

ಪ್ರಾಚೀನ ಭಾರತದಲ್ಲಿ ಸೇನೆಗಳು ಕಾದುತ್ತಿರುವಾಗಲೂ ಸಮೀಪದ ಹೊಲದಲ್ಲಿ ಒಕ್ಕಲಿಗನು ನಿರ್ಭಯನಾಗಿ ಉಳುತ್ತಿದ್ದನೆಂದು ಯವನ ರಾಯಭಾರಿ ಮೆಗಾಸ್ತನೀಸನು ಬರೆದುದು ವಿದ್ವಾಂಸರಿಗೆ ಸುವಿದಿತವಾಗಿದೆ. ಅದು ಎಷ್ಟರಮಟ್ಟಿಗೆ ನಡೆವಳಿ, ಎಷ್ಟರಮಟ್ಟಿಗೆ ಆದರ್ಶ ಎಂಬುದು ಬೇರೆಯ ವಿಚಾರ. 1935ರಲ್ಲಿ ಜರ್ಮನಿಯ ಸೇನಾನಿ ಲೂಡೆಂಡಾರ್ಫನು ಸಮಗ್ರಯುದ್ಧವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದಾಗ ಆದರ್ಶವೂ ಉಳಿಯಲಿಲ್ಲ. ರಾಷ್ಟ್ರದ ಪ್ರಜೆಗಳೆಲ್ಲರೂ ಯುದ್ಧಕ್ಕೆ ಅಂಗಭೂತರೆಂಬುದು ಆತನ ಮತ. 1939-45ರ ಮಹಾಯುದ್ಧದಲ್ಲಿ ಗುಂಡಿನ ಸದ್ದನ್ನೇ ಕೇಳದ ಕಲಬುರಗಿ ಸೀಮೆಗೆ ಆ ಮತವು ಬಂದು ಮುಟ್ಟಿದ ಬಗೆಯನ್ನು ಹಗೇವು ಎಂಬ ಒಂದೇ ವಸ್ತುವಿನಿಂದ ತಿಳಿಯಬಹುದು.

ಆಳಂದ ತಾಲ್ಲೂಕಿನ ಸರಸಂಬಾ ಮೊದಲಾದ ಊರುಗಳಿರುವ ಈ ಎರೆಯ ಸೀಮೆಗೆ ಜೋಳವೇ ಮುಖ್ಯಾಹಾರ. ನೆಲದೊಳಗೆ ಗುಂಡಿ ತೋಡಿ, ಸುತ್ತಲೂ ಒಣಹುಲ್ಲನ್ನಾನಿಸಿ, ಜೋಳ ತುಂಬಿ, ಬಾಯನ್ನು ಮಣ್ಣಿನಿಂದ ಮುಚ್ಚಿ ವರ್ಷಗಟ್ಟಲೆ ಕಾಪಾಡುವುದು ಇಲ್ಲಿಯ ಪದ್ಧತಿಯಾಗಿದ್ದಿತು. ತೆರೆದೊಡನೆ ಇಳಿಯಲಾಗದು, ಒಳಗಣ ಕೆಟ್ಟ ಗಾಳಿಗೆ ಸಿಕ್ಕಿ ಸತ್ತವರುಂಟು. ಕೋಷ್ಠಾಗಾರದ ಧಾನ್ಯದಲ್ಲಿ ಅರ್ಧವನ್ನು ಜಾನಪದರ ಆಪತ್ತಿಗೆಂದು ತೆಗೆದಿಡಬೇಕು, ಹಳೆಯದನ್ನು ಹೊಸದರಿಂದ ಬದಲಿಸುತ್ತಿರಬೇಕು ಎಂದು ಕೌಟಿಲ್ಯನು ವಿಧಿಸಿದ್ದಾನಷ್ಟೆ. ಇಲ್ಲಿ ಆ ವಿಧಿಯನ್ನು ಅರಸನಿಗಿಂತ ಮಿಗಿಲಾಗಿ ಒಕ್ಕಲಿಗನೇ ಪಾಲಿಸಿಕೊಂಡು ಬಂದಿದ್ದನು. ಕನ್ನಡದಲ್ಲಿ ಹಗೆ ಎಂಬ ಶಬ್ದಕ್ಕೆ ವೈರವೆಂದೂ ನೆಲದ ಕಣಜವೆಂದೂ ಎರಡರ್ಥಗಳಿರುವುದು ಆಕಸ್ಮಿಕವೇ ಸರಿ. ಆದರೂ ಯುದ್ಧಕಾಲದ ಅಧಿಕಾರಿಗಳಿಗೆ ಎರಡೂ ಒಂದೇ ಆಗಿ ತೋರಿದ್ದರೆ ಸೋಜಿಗವಿಲ್ಲ.

ಈ ಸೀಮೆಯನ್ನು ಆಳುತ್ತಿದ್ದ ನಿಜಾಮ ಸರ್ಕಾರವು ಮೊದಲಿನಿಂದಲೂ ಬ್ರಿಟಿಷರ ಪಕ್ಷದಲ್ಲಿದ್ದಿತು. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಕಾದಿದ ಎರಡು ವಿಮಾನದಳಗಳಿಗೆ ಹೈದರಾಬಾದಿನ ಹೆಸರಿದ್ದಿತು. ಇದರಿಂದ ಹಳ್ಳಿಗೆ ಪ್ರತ್ಯಕ್ಷವಾಗಿ ತೋರಿದುದೇನೂ ಇಲ್ಲ. 1942ರಲ್ಲಿ ಬರ್ಮಾದೇಶವು ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತುಹೋದ ಬಳಿಕವೇ ಯುದ್ಧವು ಒಲೆಯ ಬಳಿಗೆ ಬಂದಿತು. ನೆರೆಯ ಬಿಜಾಪುರ ಜಿಲ್ಲೆಯಲ್ಲಿ 1942-43ರಲ್ಲಿ ಬರ. 1943ರಲ್ಲಿ ಬಂಗಾಳದ ಘೋರ ಕ್ಷಾಮ. ಸಂಸ್ಥಾನದಲ್ಲಿ ಲೆವಿ ಜಾರಿಗೆ ಬಂದಿತು. ಒಕ್ಕಲಿಗನು ಹಿಡುವಳಿಯ ಲೆಕ್ಕದಂತೆ ಇಷ್ಟು ಧಾನ್ಯವನ್ನು ಸರ್ಕಾರವು ಗೊತ್ತುಮಾಡಿದ ದರಕ್ಕೆ ಒಪ್ಪಿಸಲೇಬೇಕು.

ಇದರ ಪರಿಣಾಮವನ್ನು ಕಣದಲ್ಲಿ ನೋಡಬೇಕು. ಅದುವರೆಗೆ ಬಡಿಗ, ಕಮ್ಮಾರ, ಅಗಸ ಮೊದಲಾದ ಆಯಗಾರರಿಗೆ ರಾಶಿಯಿಂದಲೇ ಆಯ ಸಲ್ಲುತ್ತಿದ್ದಿತು. ಆಳಿನ ಕೂಲಿಯೂ ಬಹುಮಟ್ಟಿಗೆ ಜೋಳವೇ. ಈಗ ಆ ರಾಶಿಯಲ್ಲಿಯೇ ಒಂದು ಪಾಲು ಹಣವಾಗಿ ಮಾರ್ಪಟ್ಟಿತು. ಹಣವಾದರೋ ದಿನದಿನಕ್ಕೆ ಇಳಿಯುತ್ತಿದ್ದಿತು. ಬ್ರಿಟಿಷ್ ಇಂಡಿಯದಲ್ಲಿ 1939ರಲ್ಲಿ ಸುಮಾರು 180 ಕೋಟಿ ರೂಪಾಯಿಗಳಷ್ಟಿದ್ದ ನೋಟುಗಳ ಚಲಾವಣೆ 1945ರ ವೇಳೆಗೆ 1,100 ಕೋಟಿಯನ್ನು ಮೀರಿತು. ಏಳಕ್ಕೆ ಆರರಂತೆ ಆ ನಾಣ್ಯಕ್ಕೆ ಕಟ್ಟುಬಿದ್ದಿದ್ದ ನಿಜಾಮರ ಹಾಲಿ ಸಿಕ್ಕವು ಅದರಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಬಟ್ಟೆ ದುರ್ಲಭ, ಸೀಮೆಎಣ್ಣೆ ದುರ್ಲಭ. ಜೋಳ ಕೊಟ್ಟು ರೂಪಾಯಿ ಪಡೆದವನು ಮಳೆಗಾಲದಲ್ಲಿ ಅದೇ ಜೋಳವನ್ನು ಇಮ್ಮಡಿ ಬೆಲೆಗೆ ಕೊಳ್ಳಬೇಕಾಗಿ ಬಂದರೆ ಅವನ ಪಾಲಿಗೆ ಲೆವಿಯ ಅರ್ಥವೇನು? ಭೂಮಿಯಿಲ್ಲದ ಆಳಿನ ಪಾಡು ಇನ್ನೂ ಕಷ್ಟ. ಕಾಳಸಂತೆ ಎಂಬ ಸಮಾಸವು ಕನ್ನಡದಲ್ಲಿ ಬಳಕೆಗೆ ಬಂದುದು ಈ ಯುದ್ಧದ ದೆಸೆಯಿಂದಲೇ.

ಅದಕ್ಕಿಂತಲೂ ಗಂಭೀರವಾದುದು ಹಗೇವಿನ ಸ್ಥಾನದಲ್ಲಾದ ಪಲ್ಲಟ. ಆಪದ್ಧನವೆನಿಸಿದ್ದ ಕೂಡಿಟ್ಟ ಜೋಳವು ಕಚೇರಿಯ ಉರ್ದುವಿನಲ್ಲಿ ದಾಸ್ತಾನು ಎನಿಸಿತು; ಮುಂದಾಲೋಚನೆಯು ಶಂಕೆಗೆ ಗುರಿಯಾಯಿತು. ಸೊಲ್ಲಾಪುರದ ಪೇಟೆ ಸಮೀಪವಿದ್ದರೂ ಧಾನ್ಯವನ್ನು ಗಡಿ ದಾಟಿಸುವಂತಿಲ್ಲ.

ಲೆವಿಯನ್ನು ಬರಿದೆ ನಿಂದಿಸುವುದು ನ್ಯಾಯವಲ್ಲ. ಬಂಗಾಳದ ಗತಿಯನ್ನು ಕಂಡ ಯಾವ ಸರ್ಕಾರವೂ ಪಟ್ಟಣಗಳಿಗೆ ಧಾನ್ಯವನ್ನು ಒದಗಿಸದೆ ಇರಲಾರದು. ದೋಷವಿದ್ದುದು ಹಂಚಿಕೆಯಲ್ಲಿ. ಲೆಕ್ಕಪತ್ರಗಳು ಪಟೇಲ ಪಟವಾರಿಗಳ ಕೈಯಲ್ಲಿದ್ದುವು; ದೊಡ್ಡ ಹಿಡುವಳಿದಾರರು ನುಣುಚಿಕೊಳ್ಳುವ ದಾರಿಗಳಿದ್ದುವು; ಭಾರವು ಚಿಕ್ಕವನ ಮೇಲೆ ಬಿದ್ದಿತು. 1945ರ ಆಗಸ್ಟಿನಲ್ಲಿ ಯುದ್ಧ ಮುಗಿದರೂ ಲೆವಿ ಮುಗಿಯಲಿಲ್ಲ. 1946ರಲ್ಲಿ ತೆಲಂಗಾಣದ ರೈತರು ದಂಗೆಯೆದ್ದಾಗ ಅವರ ದೂರುಗಳಲ್ಲಿ ಅದೂ ಒಂದಾಗಿದ್ದಿತು. ಕಲಬುರಗಿ ಸೀಮೆಯಲ್ಲಿ ಅಂಥ ದಂಗೆ ನಡೆಯಲಿಲ್ಲ. ಮುಂದೆ ಚೀಲಗಳೂ ಉಗ್ರಾಣಗಳೂ ಬಂದು ಹಗೇವುಗಳು ಒಂದೊಂದಾಗಿ ಹಾಳುಬಿದ್ದುವು.