ಹಿಣಿಲಿನ ಬೆಲೆ

ಎತ್ತಿನ ಹೆಗಲ ಮೇಲೆ ಎದ್ದುನಿಲ್ಲುವ ಡುಬ್ಬಕ್ಕೆ ಹಿಣಿಲು ಎಂದು ಹೆಸರು. ನಮ್ಮ ಹೊಲಗಳಲ್ಲಿ ನೊಗ ಅದಕ್ಕೆ ಆತುಕೊಂಡು ನಿಲ್ಲುತ್ತದೆ. ಅಮೆರಿಕದಲ್ಲಿ 1978ರಲ್ಲಿ ಶುರುವಾದ ‘ಸರ್ಟಿಫೈಡ್ ಆಂಗಸ್ ಬೀಫ್’ ಎಂಬ ಬ್ರಾಂಡಿನ ಈಗಿನ ನಿಯಮಗಳಲ್ಲೂ ಹಿಣಿಲಿನ ಮಾತಿದೆ. ಅದು 2 ಇಂಚು ಮೀರಿದ್ದರೆ ಆ ದನದ ಮಾಂಸಕ್ಕೆ ಬ್ರಾಂಡಿನ ಮುದ್ರೆ ಬೀಳುವುದಿಲ್ಲ, ಮುದ್ರೆಯ ಜೊತೆ ಬರುವ ಹೆಚ್ಚಿನ ದರವೂ ಸಿಗುವುದಿಲ್ಲ. ವಿಚಿತ್ರವೆಂದರೆ, ನೂರು ವರ್ಷಗಳ ಹಿಂದೆ ಅಲ್ಲಿಯ ದನಗಾರರು ಲಾಭಕ್ಕಾಗಿಯೇ ಈ ಹಿಣಿಲನ್ನು ಭಾರತದಿಂದ ಹಡಗು ಹತ್ತಿಸಿಕೊಂಡು ಹೋಗಿದ್ದರು.

ಅವರ ಕಷ್ಟ ಸಣ್ಣದಾಗಿರಲಿಲ್ಲ. ಇಂಗ್ಲೆಂಡಿನ ಶಾರ್ಟ್‌ಹಾರ್ನ್, ಹೆರೆಫರ್ಡ್ ದನಗಳು ಮೈತುಂಬ ಮಾಂಸ ಹೊರುತ್ತಿದ್ದವು, ಆದರೆ ಟೆಕ್ಸಾಸಿನ ಕರಾವಳಿಯ ಸೆಕೆಯಲ್ಲಿ ಸೊರಗುತ್ತಿದ್ದವು. ಸೆಕೆಯನ್ನು ತಾಳಿಕೊಂಡವನ್ನೂ ‘ಟೆಕ್ಸಾಸ್ ಜ್ವರ’ ಬಿಡುತ್ತಿರಲಿಲ್ಲ. ಈ ಜ್ವರವನ್ನು ಹರಡುವುದು ಉಣ್ಣಿ ಎಂದು ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ 1893ರಲ್ಲಿ ತೋರಿಸಿಕೊಟ್ಟರು. ಸಡಿಲವಾದ ತೊಗಲು, ನುಣುಪು ಕೂದಲಿನ ಭಾರತದ ದನಗಳು ಸೆಕೆಗೂ ಉಣ್ಣಿಗೂ ಅಷ್ಟಾಗಿ ಜಗ್ಗುವುದಿಲ್ಲ ಎಂಬುದು ಅಲ್ಲಿಯವರಿಗೆ ಮೊದಲೇ ಅನುಭವಕ್ಕೆ ಬಂದಿತ್ತು. 1854ರಲ್ಲಿ ಲೂಯಿಸಿಯಾನದ ರಿಚರ್ಡ್ ಬ್ಯಾರೋ ಎಂಬ ಜಮೀನುದಾರನಿಗೆ ಬ್ರಿಟಿಷ್ ಸರ್ಕಾರ ಭಾರತದ 2 ಗೂಳಿಗಳನ್ನು ಕೊಟ್ಟಿತ್ತು. ಅವುಗಳಿಗೆ ಹುಟ್ಟಿದ ಮಿಶ್ರ ಕರುಗಳು ಆ ಸೀಮೆಯಲ್ಲೆಲ್ಲ ಹೆಸರು ಮಾಡಿದ್ದವು. 1906ರಲ್ಲಿ ಪಿಯರ್ಸ್ ರಾಂಚಿನ ಏಬಲ್ ಬೋರ್ಡನ್ ತಾನೇ ಭಾರತಕ್ಕೆ ಬಂದು ದನಗಳನ್ನು ಕೊಂಡ. ಕ್ವಾರಂಟೈನ್ ಮುಗಿಸಿ ಟೆಕ್ಸಾಸ್ ತಲುಪಿದ್ದು 33.

ಮುಂದೆ ಬ್ರೆಜಿಲ್ ಮಾರ್ಗವಾಗಿಯೂ ಭಾರತದ ತಳಿಗಳು ಬಂದವು. ಗುಜರಾತಿನ ಕಾಂಕ್ರೇಜ್, ಗಿರ್, ಆಂಧ್ರದ ಒಂಗೋಲ್ ಮತ್ತು ನಮ್ಮ ಕೃಷ್ಣಾ ಕಣಿವೆಯ ತಳಿ, ಈ ನಾಲ್ಕರ ರಕ್ತ ಬೆರೆತು ಅಲ್ಲೊಂದು ಹೊಸ ತಳಿ ನಿಂತಿತು. 1924ರಲ್ಲಿ ಅದರ ಸಂಘ ಹುಟ್ಟಿದಾಗ ಇಟ್ಟುಕೊಂಡ ಹೆಸರು ‘ಬ್ರಾಹ್ಮನ್’. ಮಾಂಸಕ್ಕೆಂದೇ ಬೆಳೆಸಿದ ದನಕ್ಕೆ ಆ ಹೆಸರು! ಕೃಷ್ಣಾ ಕಣಿವೆಯ ತಳಿಯೂ ಹುಟ್ಟಾ ಮಿಶ್ರತಳಿಯೇ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಸೀಮೆಯ ಅಂಟು ಎರೆಮಣ್ಣನ್ನು ಉಳಬಲ್ಲ ಭಾರಿ ಎತ್ತು ಬೇಕೆಂದು 19ನೇ ಶತಮಾನದ ಕೊನೆಯಲ್ಲಿ ಸಾಂಗಲಿ ಮೊದಲಾದ ಸಂಸ್ಥಾನಗಳ ರಾಜರು ಗಿರ್, ಒಂಗೋಲ್, ಕಾಂಕ್ರೇಜ್‌ಗಳನ್ನು ಸ್ಥಳೀಯ ದನಗಳೊಂದಿಗೆ ಕೂಡಿಸಿ ಮಾಡಿಸಿದ ತಳಿ ಅದು.

ಬ್ರಾಹ್ಮನ್ ಗೂಳಿಯನ್ನು ಹೆರೆಫರ್ಡ್ ಹಸುವಿಗೆ ಕೂಡಿಸಿದಾಗ ಹುಟ್ಟುವ ಪಟ್ಟೆ ಮೈಯ ಹಸುವನ್ನು ಅಲ್ಲಿ ‘ಟೈಗರ್ ಸ್ಟ್ರೈಪ್’ ಎನ್ನುತ್ತಾರೆ. ದೂರದ ಎರಡು ರಕ್ತ ಬೆರೆತಾಗ ಮೊದಲ ಪೀಳಿಗೆಗೆ ಬರುವ ಕಸುವು ಇದರಲ್ಲಿ ಎದ್ದು ಕಾಣುತ್ತದೆ. ಈ ಹಸು ಸುಲಭವಾಗಿ ಈಯುತ್ತದೆ, ಕರುವಿಗೆ ಧಾರಾಳವಾಗಿ ಹಾಲೂಡಿಸುತ್ತದೆ, ಬಹಳ ವರ್ಷ ಗಬ್ಬ ಕಟ್ಟುತ್ತದೆ. ಕರು ಮಾರಿ ಬದುಕುವ ದನಗಾರನಿಗೆ ಇದಕ್ಕಿಂತ ಇನ್ನೇನು ಬೇಕು?

ಎರಡನೇ ಮಹಾಯುದ್ಧದ ನಂತರ ಲೆಕ್ಕ ಬದಲಾಯಿತು. ಒಗಲಾಲ ಅಂತರ್ಜಲವನ್ನು ಪಂಪುಗಳು ಮೇಲೆತ್ತಿದವು, ಉತ್ತರ ಟೆಕ್ಸಾಸಿನ ಬಯಲಲ್ಲಿ ಜೋಳ ಯಥೇಚ್ಛವಾಗಿ ಬೆಳೆಯಿತು. ಆ ಜೋಳದ ಬೆನ್ನಿಗೇ ಫೀಡ್‌ಲಾಟ್‌ಗಳು ಬಂದವು. ಸಾವಿರಾರು ದನಗಳನ್ನು ದೊಡ್ಡಿಗಳಲ್ಲಿ ಕೂಡಿ, ನಾಲ್ಕೈದು ತಿಂಗಳು ಕಾಳು ತಿನ್ನಿಸಿ, ಕೊಬ್ಬಿಸಿ ಮಾರುವ ಉದ್ಯಮ ಅದು. ಕೊಂಡ ಬೆಲೆ, ತಿಂದ ಮೇವು, ಏರಿದ ತೂಕ, ಮಾರಿದ ಬೆಲೆ, ಇಷ್ಟರಲ್ಲೇ ಅದರ ಲಾಭನಷ್ಟ. ಬೇಸಿಗೆಯಲ್ಲಿ ಆಂಗಸ್ ದನ ಏದುಸಿರು ಬಿಡುತ್ತ ಮೇವು ಬಿಟ್ಟರೂ ಬ್ರಾಹ್ಮನ್ ಮಿಶ್ರತಳಿ ತಿನ್ನುತ್ತಲೇ ಇರುತ್ತದೆ. ಆದರೆ ಚಳಿ ಅದಕ್ಕೆ ಆಗಿಬರುವುದಿಲ್ಲ. ಕಸಾಯಿ ಕಾರ್ಖಾನೆಯಲ್ಲಿ ನೋಡುವುದು ತೂಕವನ್ನಷ್ಟೇ ಅಲ್ಲ. ಮಾಂಸದ ಎಳೆಗಳ ನಡುವೆ ಕೊಬ್ಬು ಎಷ್ಟು ಹರಡಿದೆ ಎಂಬುದರ ಮೇಲೆ ದರ್ಜೆ ನಿಲ್ಲುತ್ತದೆ. ಬ್ರಾಹ್ಮನ್ ರಕ್ತ ಹೆಚ್ಚಿದಷ್ಟೂ ಈ ಕೊಬ್ಬೂ ಮಾಂಸದ ಮೆದುತನವೂ ಕಡಿಮೆಯಾಗುವುದನ್ನು ನೆಬ್ರಾಸ್ಕದ ಕ್ಲೇ ಸೆಂಟರ್ ಸಂಶೋಧನಾ ಕೇಂದ್ರದ ದೀರ್ಘ ಪ್ರಯೋಗಗಳು ತೋರಿಸಿದವು. ಮಾಂಸವನ್ನು ಮೆದುವಾಗಿಸುವ ಕಿಣ್ವಕ್ಕೆ ಅಡ್ಡಬರುವ ಕ್ಯಾಲ್‌ಪಾಸ್ಟಟಿನ್ ಎಂಬ ಪ್ರೋಟೀನು ಈ ದನಗಳಲ್ಲಿ ಹೆಚ್ಚು.

ಇದರ ಹೊರೆ ಬಿದ್ದದ್ದು ಮೊದಲ ಮಾರಾಟಗಾರನ ಮೇಲೆ. ಹರಾಜಿನಲ್ಲಿ ಜೋಲುಗಿವಿ, ಹಿಣಿಲು ಕಂಡ ಕೂಡಲೇ ಬೆಲೆ ಇಳಿಯುತ್ತದೆ. ಒಂದು ಲೆಕ್ಕ ಹಾಕೋಣ: 500 ಪೌಂಡಿನ ಕರುವಿಗೆ ಪೌಂಡಿಗೆ 10 ಸೆಂಟ್ ಮುರಿದರೆ ದನಗಾರನಿಗೆ 50 ಡಾಲರ್ ಖೋತಾ. ಫೀಡ್‌ಲಾಟಿನವನಿಗೆ ಅದೇ 50 ಡಾಲರ್ ಉಳಿತಾಯ. ಕೊನೆಯಲ್ಲಿ ದರ್ಜೆ ತಪ್ಪಿ ಕಳೆದುಕೊಳ್ಳುವುದು ಅದಕ್ಕಿಂತ ಕಡಿಮೆಯಾದರೆ, ಮಾರುಕಟ್ಟೆ ಹೀಗಳೆದ ಕರುವೇ ಅವನಿಗೆ ಲಾಭದ ಕರು. ಹಾಗಾಗಿ ಮಿಶ್ರತಳಿ ಲಾಭವೋ ನಷ್ಟವೋ ಎಂದು ಒಂದೇ ಮಾತಿನಲ್ಲಿ ಕೇಳಿದರೆ ಉತ್ತರವಿಲ್ಲ. ಯಾರ ಲೆಕ್ಕದ ಪುಸ್ತಕ ಎಂದು ಮೊದಲು ಕೇಳಬೇಕು.

ದನಗಾರರು ಕಂಡುಕೊಂಡ ದಾರಿ ರಕ್ತದ ಪಾಲನ್ನು ಇಳಿಸುವುದು. ಅರ್ಧ ಬ್ರಾಹ್ಮನ್ ಹಸುವನ್ನು ತಮ್ಮಲ್ಲೇ ಇಟ್ಟುಕೊಂಡು ಅದಕ್ಕೆ ಆಂಗಸ್ ಗೂಳಿ ಕೂಡಿಸಿದರೆ ಕರುವಿಗೆ ಉಳಿಯುವುದು ಕಾಲುಪಾಲು. ತಾಯಿಯ ಕಸುವು ಹುಲ್ಲುಗಾವಲಿನಲ್ಲಿ ದುಡಿಯುತ್ತದೆ. ಫೀಡ್‌ಲಾಟಿಗೆ ಹೋಗುವ ಕರುವಿನ ಮೈಮೇಲೆ ಭಾರತದ ಗುರುತು ಮಾಸಿರುತ್ತದೆ.

ಇತ್ತ ಕೃಷ್ಣಾ ತೀರಕ್ಕೆ ಟ್ರ್ಯಾಕ್ಟರ್ ಬಂತು, ಎರೆಭೂಮಿಗೆ ಭಾರಿ ಎತ್ತಿನ ಅಗತ್ಯ ಉಳಿಯಲಿಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕಡೆ ಈಗ ಆ ತಳಿಯ ದನಗಳು ವಿರಳ. ನೊಗಕ್ಕಾಗಿ ಬೆಳೆಸಿದ ಹಿಣಿಲು ಇಲ್ಲಿ ನೊಗದೊಂದಿಗೇ ಸರಿಯಿತು. ಅಲ್ಲಿ ಅದನ್ನು 2 ಇಂಚಿನೊಳಗೆ ಅಡಗಿಸುವ ಕೆಲಸ ನಡೆದೇ ಇದೆ.